24ರಿಂದ ಭಾಗಿಸಿ: ಪ್ಲಾಸ್ಟಿಕ್ ಕಿಟ್ ಕಾರಿಗೆ ನಿಜದ ಕಳೆ ತರುವ ಬಗೆ

ಬಿಡಿ ಭಾಗಗಳ ಕಿಟ್‌ನಿಂದ ಜೋಡಿಸಿದ ಪುಟ್ಟ ಮಾಡೆಲ್ ಕಾರು ಆಟದ ಸಾಮಾನಿನ ಹಾಗೆ ಕಾಣುತ್ತಿದ್ದರೆ ಕಾರಣ ಬಹುತೇಕ ಒಂದೇ. ಎಲ್ಲೋ ಏನೋ ದಪ್ಪವಾಗಿದೆ. ಬಣ್ಣ ದಪ್ಪ, ಆಂಟೆನಾ ದಪ್ಪ, ಸೀಟ್ ಬೆಲ್ಟ್ ದಪ್ಪ, ಬಾಗಿಲ ಸುತ್ತ ತುಂಬಿದ ಕಪ್ಪು ಗೆರೆ ದಪ್ಪ. 1/24 ಸ್ಕೇಲ್ ಎಂದರೆ ನಿಜವಾದ ಕಾರಿನ ಪ್ರತಿ ಅಳತೆಯೂ 24ರಲ್ಲಿ ಒಂದು ಪಾಲು. ನೀವು ಬಳಿದ ಬಣ್ಣ 0.1 ಮಿ.ಮೀ. ದಪ್ಪವಿದ್ದರೆ, ಅದು ದೊಡ್ಡ ಕಾರಿನ ಮೇಲೆ 2.4 ಮಿ.ಮೀ. ದಪ್ಪ ಮೆತ್ತಿದ ಹಾಗೆ. ಅಷ್ಟು ದಪ್ಪ ಬಣ್ಣ ಹೊತ್ತ ಕಾರನ್ನು ಯಾರೂ ನೋಡಿರುವುದಿಲ್ಲ. ಕಣ್ಣಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ಏನೋ ಸರಿಯಿಲ್ಲ ಎಂಬುದು ಗೊತ್ತಾಗುತ್ತದೆ.

ಹಾಗಾಗಿ ಮೇಜಿನ ಮೇಲೆ ಬ್ರಶ್‌ಗಿಂತ ಮೊದಲು ಒಂದು ಕ್ಯಾಲ್ಕುಲೇಟರ್ ಇಡಿ. ಯಾವುದೇ ಭಾಗ ಸೇರಿಸುವ ಮುನ್ನ ನಿಜವಾದ ಅಳತೆಯನ್ನು 24ರಿಂದ ಭಾಗಿಸಿ. ಎಎಂಟಿ ಎಂಬ ಕಂಪನಿಯದರಂಥ ಅಮೆರಿಕದ ಹಳೆಯ ಕಿಟ್ ಆದರೆ 25ರಿಂದ. ಜಪಾನಿನ ತಮಿಯಾ, ಹಸೆಗಾವಾ, ಫುಜಿಮಿ ಕಾರುಗಳು ಹೆಚ್ಚಾಗಿ 1/24.

ಉದಾಹರಣೆಗೆ ನಾನು ತೆಗೆದುಕೊಳ್ಳುವುದು 1966ರ ಮಾದರಿಯ ಫೋಕ್ಸ್‌ವ್ಯಾಗನ್ ಬೀಟಲ್. ತಮಿಯಾದ 1/24 ಕಿಟ್ ಸಿಗುತ್ತದೆ. ನಿಜವಾದ ಕಾರು ಸುಮಾರು 4.07 ಮೀಟರ್ ಉದ್ದ, ಮಾಡೆಲ್ ಹತ್ತಿರಹತ್ತಿರ 17 ಸೆಂ.ಮೀ. ಕೈಯಲ್ಲಿ ಹಿಡಿದು ಕೆಲಸ ಮಾಡಲು ಹಿತವಾದ ಗಾತ್ರ. ಜೊತೆಗೆ ಬೀಟಲ್‌ನ ರೂಪ ಬದಲಿಸುವುದಕ್ಕೆ ದೊಡ್ಡ ಪರಂಪರೆಯೇ ಇದೆ. ಬೇರೆ ಕಾರಿದ್ದರೂ ಕ್ರಮ ಇದೇ.

ಮೊದಲು ತೀರ್ಮಾನ, ಆಮೇಲೆ ಕತ್ತರಿ

ಕಂಪನಿಯಿಂದ ಹೊರಬಂದ ಹಾಗೆ ಮಾಡುತ್ತೀರಾ, ಮಾರ್ಪಡಿಸಿದ ಕಾರು ಮಾಡುತ್ತೀರಾ? ಇದನ್ನು ಮೊದಲೇ ನಿರ್ಧರಿಸಿ. ಅರ್ಧ ದಾರಿಯಲ್ಲಿ ಮನಸ್ಸು ಬದಲಾದರೆ ಬಣ್ಣ ಹೊಡೆದ ಬಾಡಿಯನ್ನು ಮತ್ತೆ ಉಜ್ಜಬೇಕಾಗುತ್ತದೆ.

ಮಾರ್ಪಾಡು ಬೇಕೆಂದರೆ ಬೀಟಲ್‌ಗೆ ಹೇಳಿ ಮಾಡಿಸಿದ್ದು 'ಕ್ಯಾಲ್ ಲುಕ್'. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಶುರು ಮಾಡಿದ ಶೈಲಿ ಇದು. 1970ರ ದಶಕದಲ್ಲಿ ಎಲ್ಲೆಡೆ ಹೆಸರಾಯಿತು. ಕಾರಿನ ಮೂಗು ನೆಲಕ್ಕೆ ಬಾಗಿರುತ್ತದೆ. ಪಕ್ಕದ ಹೊಳೆಯುವ ಪಟ್ಟಿಗಳನ್ನು ಕಿತ್ತುಹಾಕಿರುತ್ತಾರೆ. ಬಂಪರ್ ಜಾಗದಲ್ಲಿ ತೆಳ್ಳನೆಯ ಕೊಳವೆಯ ಟಿ-ಬಾರ್. ಬಣ್ಣ ಒಂದೇ, ಆದರೆ ಕಣ್ಣಿಗೆ ಹೊಡೆಯುವಂಥದ್ದು. ಸೇರಿಸುವುದಕ್ಕಿಂತ ತೆಗೆಯುವುದೇ ಜಾಸ್ತಿ ಇರುವ ಶೈಲಿ. ಹೊಸಬರಿಗೆ ನಾನು ಇದನ್ನೇ ಹೇಳುವುದು.

ನೀವು ಮಾಡಲಿರುವ ಕಾರಿನ ಫೋಟೊಗಳನ್ನು ಒಟ್ಟು ಮಾಡಿ. ಕಿಟ್ ಪೆಟ್ಟಿಗೆಯ ಚಿತ್ರ ಸಾಲದು. ಎಂಜಿನ್, ಡ್ಯಾಶ್‌ಬೋರ್ಡ್, ಚಕ್ರದ ಹತ್ತಿರದ ಫೋಟೊ ಬೇಕೇ ಬೇಕು.

ಸಾಮಾನು

ಚೂಪಾದ ಸೈಡ್ ಕಟರ್, ಹೊಸ ಬ್ಲೇಡ್ ಹಾಕಿದ ಹಾಬಿ ಚಾಕು, ಚಿಮಟ, ಮಾಸ್ಕಿಂಗ್ ಟೇಪ್, ಕೈಯಿಂದ ತಿರುಗಿಸುವ ಪಿನ್ ವೈಸ್ ಮತ್ತು 0.3ರಿಂದ 1 ಮಿ.ಮೀ.ವರೆಗಿನ ಸಣ್ಣ ಡ್ರಿಲ್ ಬಿಟ್‌ಗಳು. ಅಂಟಿಗೆ ತಮಿಯಾದ ಎಕ್ಸ್‌ಟ್ರಾ ಥಿನ್ ಸಿಮೆಂಟ್‌ನಂಥ ನೀರಾದ ಸಿಮೆಂಟ್. ಉಪ್ಪುಕಾಗದವನ್ನು ಹಾಬಿ ಅಂಗಡಿಯಿಂದಲೇ ತರಬೇಕೆಂದಿಲ್ಲ. ಕಾರಿಗೆ ಪೇಂಟ್ ಮಾರುವ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿ. 400, 800, 1500, 2000 ನಂಬರ್ ಸಾಕು. ತಂತಿ ಬೇಕಾದರೆ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಒಂದು ವಿಷಯದಲ್ಲಿ ಜಿಪುಣತನ ಬೇಡ. ಲ್ಯಾಕರ್ (ಬೇಗ ಒಣಗುವ, ಥಿನ್ನರ್ ಇರುವ ಬಣ್ಣ) ಸ್ಪ್ರೇ ಬಳಸುವವರು ಸಾವಯವ ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಕೊಳ್ಳಬೇಕು. ಬಟ್ಟೆ ಮಾಸ್ಕ್, ಎನ್95 ಮಾಸ್ಕ್ ಧೂಳು ತಡೆಯುತ್ತವೆ, ಥಿನ್ನರ್ ಆವಿಯನ್ನು ತಡೆಯುವುದಿಲ್ಲ.

ಬಾಡಿ ಕೆಲಸ

ಭಾಗಗಳನ್ನು ಫ್ರೇಮ್‌ನಲ್ಲಿ (ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ) ಇರುವಾಗಲೇ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನಿಂದ ಬಿಡಿಸಲು ಹಚ್ಚುವ ಎಣ್ಣೆ ಉಳಿದಿದ್ದರೆ ಬಣ್ಣ ಕೂರುವುದಿಲ್ಲ. ಭಾಗ ಬಿಡಿಸುವಾಗ ಎರಡು ಸಲ ಕತ್ತರಿಸಿ: ಮೊದಲು ಸ್ವಲ್ಪ ದೂರದಲ್ಲಿ, ಆಮೇಲೆ ಹತ್ತಿರ. ಒಂದೇ ಏಟಿಗೆ ಕತ್ತರಿಸಿದರೆ ಪ್ಲಾಸ್ಟಿಕ್ ಬೆಳ್ಳಗಾಗಿ ಕಿತ್ತು ಬರುತ್ತದೆ.

ಈಗ ಬಾಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಚ್ಚಿನ ಎರಡು ಭಾಗ ಸೇರಿದ ಕಡೆ ಕೂದಲಿನಂಥ ಗೆರೆ ಕಾಣುತ್ತದೆ. ಚಾಕುವಿನ ಅಂಚಿನಿಂದ ಮೆಲ್ಲಗೆ ಕೆರೆದು 800ರಲ್ಲಿ ಉಜ್ಜಿ. ಈ ಗೆರೆ ಬಿಟ್ಟರೆ ಹೊಳಪಿನ ಬಣ್ಣದಡಿ ಎದ್ದು ಕಾಣುತ್ತದೆ, ಆಗ ಏನೂ ಮಾಡಲಾಗುವುದಿಲ್ಲ.

ಕ್ಯಾಲ್ ಲುಕ್ ಮಾಡುವವರು ಪಕ್ಕದ ಪಟ್ಟಿ, ಮುಂಭಾಗದ ಬಾನೆಟ್ ಪಟ್ಟಿಗಳನ್ನು ಈ ಹಂತದಲ್ಲೇ ಕೆರೆದು ತೆಗೆಯಬೇಕು. ಚಾಕುವಿನಿಂದ ಸೀಳಿ ತೆಗೆಯಲು ಹೋಗಬೇಡಿ, ಬಾಡಿಗೆ ಗಾಯವಾಗುತ್ತದೆ. ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಬ್ಲೇಡನ್ನು ನೆಟ್ಟಗೆ ನಿಲ್ಲಿಸಿ ಕೆರೆಯುತ್ತಾ ಬನ್ನಿ. ಟೇಪ್ ತಾಗುವ ಹಂತಕ್ಕೆ ಬಂದಾಗ ಟೇಪ್ ಕಿತ್ತು 400, ಆಮೇಲೆ 800. ಉಳಿದ ತಗ್ಗುಗಳಿಗೆ ತೆಳ್ಳಗೆ ಪುಟ್ಟಿ. ಬೀಟಲ್‌ನ ಬಾಡಿ ಎಲ್ಲೆಡೆ ಗುಂಡಗಿದೆ. ಹಾಗಾಗಿ ಕಾಗದವನ್ನು ಗಟ್ಟಿ ಹಲಗೆಗೆ ಅಂಟಿಸದೆ ಸ್ಪಂಜಿನ ತುಂಡಿಗೆ ಸುತ್ತಿ ಉಜ್ಜಿ. ಇಲ್ಲದಿದ್ದರೆ ಗುಂಡಗಿದ್ದದ್ದು ಚಪ್ಪಟೆಯಾಗುತ್ತದೆ.

ಬಾಗಿಲ ಗೆರೆಗಳನ್ನು ಬಣ್ಣಕ್ಕೆ ಮೊದಲು ಸ್ವಲ್ಪ ಆಳ ಮಾಡಿಕೊಳ್ಳಬೇಕು. ಪ್ರೈಮರ್ (ಬಣ್ಣದ ಅಡಿಯ ಪದರ), ಬಣ್ಣ, ಕ್ಲಿಯರ್ (ಮೇಲಿನ ಬಣ್ಣವಿಲ್ಲದ ಹೊಳಪು ಪದರ) ಎಲ್ಲ ಸೇರಿ ಅದನ್ನು ಅರ್ಧ ತುಂಬಿಬಿಡುತ್ತವೆ. ಚಾಕುವಿನ ಬೆನ್ನನ್ನು ಗೆರೆಯಲ್ಲಿಟ್ಟು ಹಗುರವಾಗಿ ಎಳೆಯಿರಿ. ಒತ್ತಡ ಹಾಕಬೇಡಿ, ಹಲವು ಸಲ ಎಳೆಯಿರಿ. ಅಗಲ ಮಾಡಬಾರದು, ಆಳ ಮಾತ್ರ. ನಿಜವಾದ ಕಾರಿನ ಬಾಗಿಲ ಸಂದು 5 ಮಿ.ಮೀ. ಎಂದಿಟ್ಟುಕೊಂಡರೂ ನಮ್ಮದರಲ್ಲಿ ಅದು 0.2 ಮಿ.ಮೀ. ಮಾತ್ರ.

ಮೂಗು ತಗ್ಗಿಸುವ ಲೆಕ್ಕವೂ ಹೀಗೆಯೇ. ದೊಡ್ಡ ಕಾರನ್ನು 5 ಸೆಂ.ಮೀ. ತಗ್ಗಿಸಿದರೆ ಅದು ಭಾರೀ ಬದಲಾವಣೆ. ಮಾಡೆಲ್‌ನಲ್ಲಿ ಅದು ಬರೀ 2 ಮಿ.ಮೀ. ಚಕ್ರ ಕೂರುವ ಮುಂದಿನ ಆಕ್ಸಲ್ ತುದಿಯನ್ನು ಕತ್ತರಿಸಿ 2 ಮಿ.ಮೀ. ಮೇಲಕ್ಕೆ ಅಂಟಿಸಿದರೆ ಮುಗಿಯಿತು. ಅಂಟು ಒಣಗುವವರೆಗೆ ನಾಲ್ಕೂ ಚಕ್ರ ಹಾಕಿ ಗಾಜಿನ ಮೇಲೆ ನಿಲ್ಲಿಸಿ. ಮೂರು ಚಕ್ರ ನೆಲ ಮುಟ್ಟಿ ನಾಲ್ಕನೆಯದು ಗಾಳಿಯಲ್ಲಿದ್ದರೆ ಆಗಲೇ ಸರಿಪಡಿಸಬಹುದು. ಚಕ್ರ ಮಡ್‌ಗಾರ್ಡ್ ಒಳಗೆ ತಾಗುತ್ತಿದ್ದರೆ ಮಡ್‌ಗಾರ್ಡನ್ನು ಒಳಗಿನಿಂದ ಉಜ್ಜಿ ತೆಳ್ಳಗೆ ಮಾಡಿ. ಹೊರಗಿನಿಂದ ನೋಡಿದಾಗಲೂ ಅಂಚು ತೆಳ್ಳಗೆ, ತಗಡಿನ ಹಾಗೆ ಕಾಣುತ್ತದೆ. ಕಂಪನಿ ರೂಪದ ಕಾರಿಗೂ ಇದನ್ನು ಮಾಡಬಹುದು.

ಬಣ್ಣ

ಇಲ್ಲಿ ಅವಸರ ಮಾಡಿದವರು ಕೆಟ್ಟರು. ಉಳಿದ ಎಲ್ಲ ಕೆಲಸ ಚೆನ್ನಾಗಿದ್ದು ಬಣ್ಣ ಕೆಟ್ಟರೆ ಯಾರೂ ಎಂಜಿನ್ ನೋಡುವುದಿಲ್ಲ.

ಡಬ್ಬಿ ಕೊಳ್ಳುವಾಗ ಅಕ್ಷರ ನೋಡಿ. ತಮಿಯಾದಲ್ಲಿ ಟಿಎಸ್ ಎಂದಿದ್ದರೆ ಪ್ಲಾಸ್ಟಿಕ್ ಕಿಟ್‌ಗೆ. ಪಿಎಸ್ ಎಂದಿದ್ದರೆ ರಿಮೋಟ್ ಕಾರುಗಳ ಪಾಲಿಕಾರ್ಬೊನೇಟ್ ಬಾಡಿಗೆ. ಅದು ನಮಗಲ್ಲ. ಬಾಟಲಿಯಲ್ಲಿ ಎಕ್ಸ್ ಎಂದರೆ ಹೆಚ್ಚಾಗಿ ಹೊಳಪು, ಎಕ್ಸ್‌ಎಫ್ ಎಂದರೆ ಮ್ಯಾಟ್. ಗ್ಯಾರೇಜಿನ ಎನ್‌ಸಿ ಥಿನ್ನರನ್ನು ಬರಿ ಪ್ಲಾಸ್ಟಿಕ್ ಹತ್ತಿರವೂ ತರಬೇಡಿ. ಕಿಟ್‌ನ ಪಾಲಿಸ್ಟೈರಿನ್ ಅದರಲ್ಲಿ ಕರಗುತ್ತದೆ. ಇನ್ನೊಂದು ನಿಯಮ ಬಾಯಿಪಾಠ ಮಾಡಿಕೊಳ್ಳಿ: ಲ್ಯಾಕರ್ ಮೇಲೆ ಎನಾಮೆಲ್ (ನಿಧಾನ ಒಣಗುವ ಎಣ್ಣೆ ಬಣ್ಣ) ನಡೆಯುತ್ತದೆ, ಎನಾಮೆಲ್ ಮೇಲೆ ಲ್ಯಾಕರ್ ನಡೆಯುವುದಿಲ್ಲ. ಕೆಳಗಿನ ಪದರ ಸುಕ್ಕುಗಟ್ಟಿ ಏಳುತ್ತದೆ.

ನಮ್ಮಲ್ಲಿ ದೊಡ್ಡ ಶತ್ರು ತೇವ. ಸ್ಪ್ರೇ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲಿ ಕೂರುತ್ತದೆ, ಬಣ್ಣ ಹಾಲಿನ ಹಾಗೆ ಮಬ್ಬಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳಪಿನ ಬಣ್ಣ ಮುಟ್ಟದಿರುವುದೇ ಒಳ್ಳೆಯದು. ಆ ತಿಂಗಳುಗಳಲ್ಲಿ ಎಂಜಿನ್, ಸೀಟು, ಚಕ್ರ ಮಾಡಿಕೊಳ್ಳಿ. ಬೆಂಗಳೂರು, ಹುಬ್ಬಳ್ಳಿಯವರಿಗೆ ಫೆಬ್ರುವರಿ, ಮಾರ್ಚ್ ಹಬ್ಬದ ಕಾಲ. ತೇವ ಅಳೆಯುವ ಪುಟ್ಟ ಮೀಟರ್ ಅಗ್ಗಕ್ಕೆ ಸಿಗುತ್ತದೆ. ಅದು ಶೇ. 65 ದಾಟಿದರೆ ನಾನು ಡಬ್ಬಿ ಮುಟ್ಟುವುದಿಲ್ಲ.

ಕ್ರಮ ಹೀಗೆ. ಡಬ್ಬಿಯನ್ನು ಉಗುರುಬೆಚ್ಚನೆ ನೀರಲ್ಲಿ ಐದು ನಿಮಿಷ ಇಡಿ. ಒಲೆಯ ಮೇಲೆ, ಕುದಿಯುವ ನೀರಲ್ಲಿ ಯಾವತ್ತೂ ಇಡಬೇಡಿ, ಸಿಡಿಯುತ್ತದೆ. ಬೆಚ್ಚಗಾದರೆ ಬಣ್ಣ ಸಣ್ಣ ಹನಿಗಳಾಗಿ ಬರುತ್ತದೆ. ಮೊದಲು ಪ್ರೈಮರ್. ಕೆಂಪು, ಹಳದಿ ಬಣ್ಣಕ್ಕೆ ಬಿಳಿ ಅಥವಾ ಗುಲಾಬಿ ಪ್ರೈಮರ್ ಹಾಕಿ. ಬೂದು ಹಾಕಿದರೆ ಬಣ್ಣ ಮಂಕಾಗುತ್ತದೆ, ಮಂಕು ಹೋಗಲಿ ಎಂದು ನೀವು ಇನ್ನಷ್ಟು ಪದರ ಹೊಡೆಯುತ್ತೀರಿ, ದಪ್ಪವಾಗುತ್ತದೆ. ಪ್ರೈಮರ್ ಒಣಗಿದ ಮೇಲೆ ತಪ್ಪುಗಳೆಲ್ಲ ಕಾಣುತ್ತವೆ. ಉಜ್ಜಿ, ಮತ್ತೆ ಒಂದು ತೆಳು ಪದರ.

ಬಣ್ಣವನ್ನು 20ರಿಂದ 25 ಸೆಂ.ಮೀ. ದೂರದಿಂದ ಹೊಡೆಯಿರಿ. ಸ್ಪ್ರೇಯನ್ನು ಕಾರಿನ ಆಚೆ ಶುರು ಮಾಡಿ, ಕಾರಿನ ಆಚೆಯೇ ನಿಲ್ಲಿಸಿ. ಕಾರಿನ ಮೇಲೆ ಶುರು ಮಾಡಿದರೆ ಮೊದಲ ದಪ್ಪ ಹನಿ ಅಲ್ಲೇ ಬೀಳುತ್ತದೆ. ಮೊದಲೆರಡು ಪದರ ಮಂಜಿನಷ್ಟು ತೆಳ್ಳಗೆ. ಅಡಿಯ ಪ್ರೈಮರ್ ಕಾಣುತ್ತಿರಲಿ, ಗಾಬರಿ ಬೇಡ. ನಡುವೆ ಹತ್ತು ಹದಿನೈದು ನಿಮಿಷ ಬಿಡಿ. ಕೊನೆಯದು ಮಾತ್ರ ಸ್ವಲ್ಪ ಒದ್ದೆ ಪದರ. ಅಂಚುಗಳಿಗೆ ಮೊದಲು, ಅಗಲವಾದ ಜಾಗಕ್ಕೆ ಆಮೇಲೆ.

1966ರ ಬೀಟಲ್‌ನ ಡ್ಯಾಶ್‌ಬೋರ್ಡ್ ಲೋಹದ್ದು, ಬಾಡಿಯ ಬಣ್ಣದ್ದೇ. ಅದನ್ನೂ ಇದೇ ಹೊತ್ತಿನಲ್ಲಿ ಹೊಡೆದುಬಿಡಿ. ಆಮೇಲೆ ಬೇರೆ ಡಬ್ಬಿಯಿಂದ ಹೊಂದಿಸಲು ಹೋದರೆ ಛಾಯೆ ಕೂಡುವುದಿಲ್ಲ.

ಈಗ ಮುಚ್ಚಿಟ್ಟು ಮರೆಯಿರಿ. ಎರಡು ಮೂರು ದಿನ ಬಿಟ್ಟು ಮೂಗಿನ ಹತ್ತಿರ ತಂದು ಮೂಸಿ. ಪೇಂಟ್ ವಾಸನೆ ಇನ್ನೂ ಇದ್ದರೆ ಒಣಗಿಲ್ಲ ಎಂದೇ ಅರ್ಥ. ವಾಸನೆ ಹೋದ ಮೇಲೆ 2000 ವಾಟರ್ ಪೇಪರ್‌ಗೆ ಸೋಪು ನೀರು ಹಾಕಿ ಧೂಳಿನ ಕಣಗಳಷ್ಟನ್ನೇ ಉಜ್ಜಿ. ಮೆಟಾಲಿಕ್ ಬಣ್ಣವಾದರೆ ಬಣ್ಣವನ್ನು ಉಜ್ಜಲೇಬೇಡಿ, ಕಣಗಳು ಕಪ್ಪಾಗುತ್ತವೆ. ಕ್ಲಿಯರ್ ಆದ ಮೇಲೆ ಅದನ್ನು ಉಜ್ಜಿ. ಟಿಎಸ್-13 ಕ್ಲಿಯರ್ ಅನ್ನೂ ಬಣ್ಣದ ಹಾಗೆಯೇ ತೆಳ್ಳಗೆ ಹೊಡೆಯಬೇಕು. ನೀರಿನ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಅಂಟಿಸಿದ್ದರೆ ಮೊದಲ ಪದರಗಳು ಮಂಜಿನಷ್ಟೇ ಇರಲಿ, ಇಲ್ಲದಿದ್ದರೆ ಡೆಕಾಲ್ ಮುದುಡುತ್ತದೆ. ಪಾಲಿಶ್ ಮಾಡುವಾಗ ಮಡ್‌ಗಾರ್ಡ್ ಅಂಚು, ಬಾಗಿಲ ಅಂಚುಗಳಿಗೆ ಟೇಪ್ ಹಾಕಿ. ಅಲ್ಲಿ ಬಣ್ಣ ತೆಳು, ಎರಡು ಉಜ್ಜಿಗೆ ಪ್ಲಾಸ್ಟಿಕ್ ಕಾಣುತ್ತದೆ.

ಹೊಳಪು ಮತ್ತು ಗೆರೆ

ಕಿಟಕಿಯ ಸುತ್ತಲಿನ ಲೋಹದ ಅಂಚಿಗೆ ಬೆಳ್ಳಿ ಬಣ್ಣ ಬಳಿಯುವುದಕ್ಕಿಂತ ಬೇರ್-ಮೆಟಲ್ ಫಾಯಿಲ್ ಎಷ್ಟೋ ಮೇಲು. ಹಿಂಬದಿಗೆ ಅಂಟು ಹಚ್ಚಿದ, ತುಂಬಾ ತೆಳುವಾದ ಲೋಹದ ಹಾಳೆ ಅದು. ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ ಇಟ್ಟು, ಇಯರ್ ಬಡ್‌ನಿಂದ ಒತ್ತಿ, ಹಲ್ಲುಕಡ್ಡಿಯಿಂದ ಮೂಲೆಗಳನ್ನು ಕೂರಿಸಿ. ಆಮೇಲೆ ಹೊಚ್ಚ ಹೊಸ ಬ್ಲೇಡ್‌ನಿಂದ ಅಂಚಿನಗುಂಟ ಕತ್ತರಿಸಿ. ಮೊಂಡು ಬ್ಲೇಡ್ ಹಾಳೆಯನ್ನು ಹರಿಯುತ್ತದೆ, ಬಣ್ಣವನ್ನೂ ಗೀಚುತ್ತದೆ. ಹೆಡ್‌ಲೈಟ್ ರಿಂಗ್‌ನಂಥ ಸಣ್ಣ ಗುಂಡು ಜಾಗಗಳಿಗೆ ಮೊಲೊಟೊ ಕ್ರೋಮ್ ಪೆನ್ ಸುಲಭ. ಆದರೆ ಅದನ್ನು ಬೆರಳಿಂದ ಮುಟ್ಟಿದರೆ ಮಂಕಾಗುತ್ತದೆ, ಕೊನೆಗೆ ಹಚ್ಚಿ.

ಕಿಟ್‌ನಲ್ಲೇ ಬಂದ ಕ್ರೋಮ್ ಭಾಗಗಳ ಮೇಲೆ ಅಚ್ಚಿನ ಗೆರೆ ಇದ್ದರೆ ಕ್ರೋಮ್ ತೆಗೆದು ಹೊಸದಾಗಿ ಮಾಡಬೇಕು. ಬಟ್ಟೆಗೆ ಹಾಕುವ ಹೈಪೊಕ್ಲೋರೈಟ್ ಬ್ಲೀಚ್‌ನಲ್ಲಿ ಮುಳುಗಿಸಿದರೆ ಕ್ರೋಮ್ ಬಿಡುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಅದಕ್ಕೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹನಿಯೂ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಬಾಗಿಲ ಗೆರೆಗೆ ಎನಾಮೆಲ್ ವಾಶ್ (ಥಿನ್ನರ್ ಬೆರೆಸಿ ನೀರಾಗಿಸಿದ ಬಣ್ಣ) ಬಿಡುವಾಗ ಕಪ್ಪು ಬಳಸಬೇಡಿ. ಇಷ್ಟು ಸಣ್ಣ ಗೆರೆಗೆ ಕಪ್ಪು ಜಾಸ್ತಿಯಾಯಿತು. ಬಿಳಿ ಕಾರಿಗೆ ಬೂದು, ಕೆಂಪು ಕಾರಿಗೆ ಗಾಢ ಕಂದು. ಉಳಿದದ್ದನ್ನು ಎನಾಮೆಲ್ ಥಿನ್ನರ್ ಸ್ವಲ್ಪವೇ ತಾಗಿಸಿದ ಬಡ್‌ನಿಂದ ಒರೆಸಿ. ಬೀಟಲ್‌ನ ಮಡ್‌ಗಾರ್ಡ್ ಮತ್ತು ಬಾಡಿಯ ನಡುವೆ ಬೀಡಿಂಗ್ ಇದೆ, ಅದರ ಎರಡೂ ಬದಿಗೆ ವಾಶ್ ಬಿಟ್ಟರೆ ಮಡ್‌ಗಾರ್ಡ್ ಬೋಲ್ಟ್ ಹಾಕಿ ಕೂರಿಸಿದ ಹಾಗೆ ಕಾಣುತ್ತದೆ.

ಎಂಜಿನ್ ಮತ್ತು ಒಳಭಾಗ

ಬೀಟಲ್‌ನ ಎಂಜಿನ್ ಹಿಂದೆ ಇದೆ, ಗಾಳಿಯಿಂದ ತಣ್ಣಗಾಗುವ ನಾಲ್ಕು ಸಿಲಿಂಡರ್‌ನದು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಿಂದ ನಾಲ್ಕು ಪ್ಲಗ್ ವೈರ್, ಕಾಯಿಲ್‌ನಿಂದ ಒಂದು. ಒಟ್ಟು ಐದೇ ವೈರ್, ಮೊದಲ ಸಲ ವೈರಿಂಗ್ ಮಾಡುವವರಿಗೆ ಇದಕ್ಕಿಂತ ಸುಲಭದ ಎಂಜಿನ್ ಸಿಗಲಾರದು. ದೊಡ್ಡ ಕಾರಿನ ಪ್ಲಗ್ ವೈರ್ ಸುಮಾರು 7 ಮಿ.ಮೀ. ಭಾಗಿಸಿದರೆ 0.3 ಮಿ.ಮೀ.ಗೆ ಸ್ವಲ್ಪ ಕಡಿಮೆ. ವೈಂಡಿಂಗ್ ಅಂಗಡಿಯ 30 ಗೇಜ್ ತಾಮ್ರದ ತಂತಿ 0.31 ಮಿ.ಮೀ. ಇರುತ್ತದೆ. ಕೆಲವು ಅಡಿ ತಂದರೆ ವರ್ಷಗಟ್ಟಲೆ ಸಾಕು.

ಮನೆಯಲ್ಲಿ ಬಿದ್ದಿರುವ ತಂತಿಯ ದಪ್ಪ ಗೊತ್ತಾಗಬೇಕಾದರೆ ಪೆನ್ಸಿಲ್‌ಗೆ ಒತ್ತೊತ್ತಾಗಿ ಹತ್ತು ಸುತ್ತು ಸುತ್ತಿ, ಸುತ್ತಿನ ಅಗಲ ಅಳೆದು ಹತ್ತರಿಂದ ಭಾಗಿಸಿ.

ಡಿಸ್ಟ್ರಿಬ್ಯೂಟರ್ ತಲೆಯಲ್ಲಿ ಪಿನ್ ವೈಸ್‌ನಿಂದ ರಂಧ್ರ ಕೊರೆದು, ತಂತಿಗೆ ಮ್ಯಾಟ್ ಕಪ್ಪು ಬಳಿದು, ತುದಿಗೆ ಸೂಪರ್ ಗ್ಲೂ ತಾಗಿಸಿ ಕೂರಿಸಿ. ಎರಡೆರಡು ವೈರ್ ಎಡಬಲಕ್ಕೆ ಹೋಗಿ ತಗಡಿನ ಅಡಿಗೆ ಮಾಯವಾಗುತ್ತವೆ. ನೆಟ್ಟಗೆ ಎಳೆಯಬೇಡಿ, ಸ್ವಲ್ಪ ಜೋತಿರಲಿ. ಫ್ಯಾನ್ ಕವಚಕ್ಕೆ ಅರೆಹೊಳಪಿನ ಕಪ್ಪು, ಎಂಜಿನ್ ಮೈಗೆ ಮಂಕು ಅಲ್ಯುಮಿನಿಯಂ.

ಸೀಟ್ ಬೆಲ್ಟ್ ಪಟ್ಟಿ ಸುಮಾರು 48 ಮಿ.ಮೀ. ಅಗಲ, ನಮಗೆ 2 ಮಿ.ಮೀ. ಮಾಸ್ಕಿಂಗ್ ಟೇಪನ್ನು ಆ ಅಗಲಕ್ಕೆ ಕತ್ತರಿಸಿ ಬಣ್ಣ ಬಳಿದರೆ ಸಾಕು. ಸೀಟಿಗೆ ರೆಕ್ಸಿನ್‌ನ ಮಂದ ಹೊಳಪಿರಲಿ. ಪೂರ್ತಿ ಮ್ಯಾಟ್ ಆದರೆ ಬಟ್ಟೆಯ ಹಾಗೆ ಕಾಣುತ್ತದೆ. ಕಾರ್ಪೆಟ್‌ಗೆ ಒದ್ದೆ ಮ್ಯಾಟ್ ಬಣ್ಣದ ಮೇಲೆ ಟಾಲ್ಕಮ್ ಪೌಡರ್ ಉದುರಿಸಿ, ಒಣಗಿದ ಮೇಲೆ ಕೊಡವಿ, ಮತ್ತೆ ತೆಳ್ಳಗೆ ಬಣ್ಣ ಬಿಡಿ. ಸ್ಪೀಡೊಮೀಟರ್ ಡೆಕಾಲ್ ಮೇಲೆ ಕ್ಲಿಯರ್‌ನ ಒಂದು ಹನಿ ಬಿಟ್ಟರೆ ಗಾಜು ಬಂತು. ಬೀಟಲ್‌ಗೆ ಒಂದೇ ದೊಡ್ಡ ಮೀಟರ್, ಕೆಲಸ ಕಡಿಮೆ.

ಆಂಟೆನಾಗೆ ಕಿಟ್‌ನ ಫ್ರೇಮ್ ತುಂಡನ್ನೇ ಮೇಣದ ಬತ್ತಿಯ ಮೇಲೆ, ಜ್ವಾಲೆಗೆ ತಾಗಿಸದೆ ತಿರುಗಿಸಿ. ಮೆತ್ತಗಾದ ಕೂಡಲೇ ಹೊರತಂದು ಎಳೆಯಿರಿ. ನಿಧಾನ ಎಳೆದರೆ ದಪ್ಪ, ಬೇಗ ಎಳೆದರೆ ಕೂದಲು.

ಕಿಟಕಿ ಗಾಜಿಗೆ ಸೂಪರ್ ಗ್ಲೂ ಬೇಡವೇ ಬೇಡ. ಅದರ ಆವಿ ಗಾಜಿನ ಮೇಲೆ ಬಿಳಿ ಮಬ್ಬು ಬಿಡುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದಿಲ್ಲ.

ಚಕ್ರ, ನಂಬರ್ ಪ್ಲೇಟ್, ಧೂಳು

ಟೈರ್ ನಡುವಿನ ಅಚ್ಚಿನ ಗೆರೆಯನ್ನು 400ರಲ್ಲಿ ಉಜ್ಜಿ ತೆಗೆಯಿರಿ. ನೆಲಕ್ಕೆ ತಾಗುವ ಭಾಗ ಸಹಜವಾಗಿಯೇ ಸವೆದ ಹಾಗೆ ಆಗುತ್ತದೆ. ಹೊಳೆಯುವ ಪಕ್ಕಗಳಿಗೆ ತಮಿಯಾ ಎಕ್ಸ್‌ಎಫ್-85 ರಬ್ಬರ್ ಬ್ಲ್ಯಾಕ್. ಸುಮ್ನೆ ಕಪ್ಪು ಬಳಿದರೆ ಹೊಸ ಚಪ್ಪಲಿಯ ಹಾಗೆ ಕಾಣುತ್ತದೆ.

ಕಾರನ್ನು ನಮ್ಮೂರಿಗೆ ತರಬೇಕಾದರೆ ನಂಬರ್ ಪ್ಲೇಟ್ ಸರಿಯಾಗಿರಬೇಕು, ಅಲ್ವಾ? ಕೆಎ ನಂಬರ್ ಬಂದದ್ದು 1989ರಲ್ಲಿ. 1966ರ ಕಾರು ಆಗಲೇ ನೋಂದಣಿ ಆದದ್ದು ಎಂದುಕೊಂಡರೆ ಅದಕ್ಕೆ ಮೈಸೂರು ರಾಜ್ಯದ ಎಂವೈ ಎಂದು ಶುರುವಾಗುವ ನಂಬರ್ ಬೇಕು, ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ. ಇವತ್ತಿನ ಕಾರಿನ 500 × 120 ಮಿ.ಮೀ. ಪ್ಲೇಟ್ ನಮ್ಮಲ್ಲಿ 20.8 × 5 ಮಿ.ಮೀ. ಕಂಪ್ಯೂಟರ್‌ನಲ್ಲಿ ಮಾಡಿ ಫೋಟೊ ಕಾಗದದ ಮೇಲೆ ಮುದ್ರಿಸಿ, ಕಾಗದದ ಬಿಳಿ ಅಂಚಿಗೆ ಕಪ್ಪು ಸ್ಕೆಚ್ ಪೆನ್ ಎಳೆಯಿರಿ. ಸ್ಟಿಯರಿಂಗ್ ಬಲಕ್ಕಿರಲಿ. ಕೆಲವು ಕಿಟ್‌ಗಳು ಎರಡೂ ಬಗೆಯ ಡ್ಯಾಶ್‌ಬೋರ್ಡ್ ಕೊಡುತ್ತವೆ, ಕೊಳ್ಳುವ ಮುನ್ನ ನೋಡಿಕೊಳ್ಳಿ.

ಮಣ್ಣು ಮೆತ್ತಿದ ಕಾರು ಬೇಕೆಂದರೆ ಅಂಗಳದ ಮಣ್ಣನ್ನೇ ಉದುರಿಸಬೇಡಿ. ಅದರ ಒಂದೊಂದು ಕಣವೂ ಈ ಅಳತೆಗೆ ಜಲ್ಲಿಕಲ್ಲು. ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿನ ಪುಡಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಒಣ ಬ್ರಶ್‌ನಿಂದ ಚಕ್ರದ ಒಳಗೆ, ಮಡ್‌ಗಾರ್ಡ್ ಅಡಿಗೆ, ರನ್ನಿಂಗ್ ಬೋರ್ಡ್ ಅಂಚಿಗೆ ಹಚ್ಚಿ. ಛಾವಣಿಗೆ ಬೇಡ. ಕ್ಯಾಲ್ ಲುಕ್ ಕಾರಿಗಂತೂ ಧೂಳೇ ಬೇಡ, ಆ ಕಾರುಗಳನ್ನು ಅವುಗಳ ಒಡೆಯರು ದಿನಾ ಒರೆಸುತ್ತಾರೆ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ನಿಂತ ಮನುಷ್ಯನ ಕಣ್ಣು ನೆಲದಿಂದ ಸುಮಾರು 1.5 ಮೀಟರ್ ಎತ್ತರ. ಭಾಗಿಸಿದರೆ 6 ಸೆಂ.ಮೀ. ಫೋನಿನ ಕ್ಯಾಮೆರಾ ಮೇಜಿನಿಂದ ಅಷ್ಟೇ ಎತ್ತರದಲ್ಲಿರಲಿ. ಸ್ವಲ್ಪ ಹಿಂದೆ ಸರಿದು ಜೂಮ್ ಮಾಡಿ, ಹಗಲಿನ ಬೆಳಕಲ್ಲಿ ಫೋಟೊ ತೆಗೆಯಿರಿ. ಕಣ್ಣು ತಪ್ಪಿಸಿಕೊಂಡ ದಪ್ಪ ವೈಪರ್, ಸೊಟ್ಟ ಹೆಡ್‌ಲೈಟ್, ಒರೆಸದೆ ಉಳಿದ ವಾಶ್ ಎಲ್ಲ ಆ ಫೋಟೊದಲ್ಲಿ ಸಿಕ್ಕಿಬೀಳುತ್ತವೆ. ವೈಪರ್ ಅನ್ನು ಹಿಂದಿನಿಂದ ಉಜ್ಜಿ ತೆಳ್ಳಗೆ ಮಾಡುವುದು ಹತ್ತು ನಿಮಿಷದ ಕೆಲಸ.